ಆ ಚಕ್ರ ಬಿಚ್ಚಿದವನು ನಾನು

ಬಾಷಾ ಸಾಹೇಬರೇ, ನನ್ನ ತಾಯಿ ಸತ್ತದ್ದು ನಿಮ್ಮ ಕೈಕೆಲಸದಿಂದಲ್ಲ, ನನ್ನ ಕೈಕೆಲಸದಿಂದ. ಆ ಕಾರಿನ ಬ್ರೇಕು ಜೋಡಿಸಿದವನು ನಾನು. ಮರುದಿನವೇ ನಾಲ್ಕೂ ಚಕ್ರ ಬಿಚ್ಚಿ ಬ್ರೇಕಿನೊಳಗೆ ಹರಳೆಣ್ಣೆ ಬಿಟ್ಟವನೂ ನಾನು. ಅಮ್ಮನನ್ನು ಮಣ್ಣು ಮಾಡಿದ ಮೂರನೆಯ ದಿನ, ಊರಿನವರೆಲ್ಲ ನೋಡುತ್ತಿರುವಾಗ, ನಿಮ್ಮ ಎದುರಿಗೇ ನಿಂತು "ಜೋಡಿಸಿದ್ದು ನೀವೇ" ಎಂದು ಸುಳ್ಳು ಹೇಳಿದವನೂ ನಾನೇ. ಇದಾಗಿ ಹದಿನಾಲ್ಕು ವರ್ಷ. ಮೊದಲೇ ಹೇಳಿಬಿಟ್ಟಿದ್ದೇನೆ — ಕೊನೆಗೆ ಹೇಳೋಣವೆಂದು ಇಟ್ಟುಕೊಂಡರೆ, ನಾಲ್ಕು ಹಾಳೆ ಬರೆಯುವಷ್ಟರಲ್ಲಿ ನನ್ನ ಬುದ್ಧಿ ಎಲ್ಲಿಂದಲಾದರೂ ಒಂದು ನೆಪ ಹುಡುಕಿಕೊಂಡು ಬರುತ್ತದೆ. ಅದರ ಸ್ವಭಾವ ನನಗೆ ಚೆನ್ನಾಗಿ ಗೊತ್ತು.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಅದನ್ನು ಮಾಡಿದ್ದು ಹೋದ ಬೇಸಿಗೆಯಲ್ಲಿ, ಶಿಡ್ಲಘಟ್ಟದಲ್ಲಿ, ನಿಮ್ಮ ಕಣ್ಣೆದುರಿಗೆ. ಆದರೆ ಅದು ನಿಮಗೆ ಗೊತ್ತಿಲ್ಲ.

ನಾನು ಆಗ ಚಿಕ್ಕಬಳ್ಳಾಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ನಮ್ಮ ಊರಿನಲ್ಲಿ ಬಿ.ಎಸ್ಸಿ. ಮಾಡಿದವನು ನಾನೊಬ್ಬನೇ ಆದ್ದರಿಂದ, ಗಡಿಯಾರ ನಿಂತರೂ ನನ್ನನ್ನೇ ಕರೆಯುತ್ತಿದ್ದರು, ಹಸುವಿಗೆ ಹೊಟ್ಟೆ ಉಬ್ಬರಿಸಿದರೂ ನನ್ನನ್ನೇ ಕರೆಯುತ್ತಿದ್ದರು. ಕರೆದರೆ ಹೋಗುತ್ತಿದ್ದೆ. ಗೊತ್ತಿಲ್ಲ ಎಂದು ಹೇಳುವ ವಿದ್ಯೆಯೊಂದನ್ನು ಮಾತ್ರ ನನಗೆ ಯಾರೂ ಕಲಿಸಿರಲಿಲ್ಲ. ಅರೆಗೊಡದ ಅಬ್ಬರ — ಅಷ್ಟೆ.

ಅಪ್ಪ ಊರಿನ ದೊಡ್ಡ ಗೌಡರು. ಮುದ್ದೇನಹಳ್ಳಿಯ ಆಚೆಗೆ ನಮ್ಮ ಹೊಲ, ತೋಟ. ಬೆಂಗಳೂರಿನ ದಂಡು ಪ್ರದೇಶದಲ್ಲಿದ್ದ ಇಂಗ್ಲಿಷ್ ದೊರೆಯೊಬ್ಬ ತನ್ನ ದೇಶಕ್ಕೆ ಹೊರಟಾಗ ಮಾರಿದ ಹಳೆಯ ಕಾರನ್ನು ಅಪ್ಪ ಕೊಂಡು ತಂದಿದ್ದರು. ಅವರಿಗೆ ನಡೆಸಲು ಬರುತ್ತಿರಲಿಲ್ಲ, ನಾನು ಕಲಿತಿದ್ದೆ. ಅಪ್ಪನ ಮಟ್ಟಿಗೆ ಅದು ಎತ್ತು ಕಟ್ಟದ ಗಾಡಿ. ಬೆಳಿಗ್ಗೆ ಎದ್ದರೆ ಎತ್ತಿನ ಬೆನ್ನು ಸವರುವ ಹಾಗೆ ಅದರ ಮೂತಿಯನ್ನು ಸವರಿಯೇ ಮುಂದಿನ ಕೆಲಸ.

ಅಮ್ಮನಿಗೆ ಒಂದೇ ಆಸೆ. ನಂದಿ ಬೆಟ್ಟ ನಮ್ಮ ಅಂಗಳಕ್ಕೇ ಕಾಣುತ್ತದೆ. "ಮದುವೆಯಾಗಿ ಬಂದಾಗ್ನಿಂದ ಕೆಳಗಡೆಯಿಂದ್ಲೇ ನೋಡ್ಕೊಂಡು ಬಂದಿದ್ದೀನಿ ಕಣೋ ಮುನಿರಾಜ, ಒಂದ್ಸಲ ಮೇಲಿಂದ ನಮ್ಮ ಮನೇನ ನೋಡ್ಬೇಕು" ಅನ್ನುತ್ತಿದ್ದಳು. ಮಂಡಿ ನೋವು, ನಡೆದು ಹತ್ತಲಾರಳು. ಭಾನುವಾರ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟೆ. ಬ್ರೇಕು ಸವೆದು, ಒತ್ತಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬರುತ್ತಿತ್ತು. ಬೆಟ್ಟಕ್ಕೆ ಹೋಗುವ ಮುಂಚೆ ಸರಿಮಾಡಿಸಲೇಬೇಕಿತ್ತು. ಹಾಗಾಗಿ ಶುಕ್ರವಾರ ಬೆಳಿಗ್ಗೆ ಶಾಲೆಗೆ ರಜೆ ಹಾಕಿ ನಿಮ್ಮಲ್ಲಿಗೆ ಬಂದೆ.

ಶಿಡ್ಲಘಟ್ಟದ ರಸ್ತೆಯಲ್ಲಿ, ಹುಣಸೆಮರದ ಪಕ್ಕ ನಿಮ್ಮ ತಗಡಿನ ಗ್ಯಾರೇಜು. ಯುದ್ಧದ ಕಾಲದಲ್ಲಿ ಮಿಲಿಟರಿ ಲಾರಿಗಳ ಕೆಲಸ ಕಲಿತು ಬಂದವರು ನೀವು, ಒಬ್ಬರೇ ದುಡಿಯುತ್ತಿದ್ದಿರಿ. ಬಸ್ಸಿನ ಮಾಲೀಕರು ನಿಮ್ಮನ್ನು ಬಿಟ್ಟು ಬೇರೆಯವರ ಕೈಯಲ್ಲಿ ಬ್ರೇಕು ಮುಟ್ಟಿಸುತ್ತಿರಲಿಲ್ಲ. ಅದಕ್ಕೆ ಕಾರಣವೂ ಇತ್ತು — ನೀವು ಬ್ರೇಕಿನ ಕೆಲಸ ಮಾಡಿದ ಯಾವ ಗಾಡಿಯನ್ನೂ ನೇರವಾಗಿ ಮಾಲೀಕನ ಕೈಗೆ ಕೊಡುತ್ತಿರಲಿಲ್ಲ. ಊರಾಚೆಯ ಇಳಿಜಾರಿಗೆ ತೆಗೆದುಕೊಂಡು ಹೋಗಿ, ನೀವೊಬ್ಬರೇ ಕೂತು ಮೂರು ಸಲ ಇಳಿಸುತ್ತಿದ್ದಿರಿ. ಮೂರು ಸಲವೂ ನಿಂತರೆ ಮಾತ್ರ ಕೀಲಿಕೈ. "ಸತ್ರೆ ಮೊದ್ಲು ನಾನು ಸಾಯ್ಬೇಕು, ಆಮೇಲೆ ಗಿರಾಕಿ" ಎಂದು ನಗುತ್ತಿದ್ದಿರಿ.

ಆ ದಿನ ನೀವು ಚಕ್ರ ಬಿಚ್ಚಿ, ಅದರ ಹಿಂದಿನ ಡೋಲಿನಂಥ ಡ್ರಮ್ಮು ತೆಗೆದು, ಒಳಗಿದ್ದ ಅರ್ಧಚಂದ್ರದಂಥ ಬ್ರೇಕ್ ಶೂಗಳನ್ನು ಹೊರಗಿಟ್ಟಿರಿ. ಚಕ್ರಕ್ಕೆ ಎರಡರಂತೆ ಎಂಟು. ಹಳೆಯ ಪಟ್ಟಿ ಕಿತ್ತು ಹೊಸ ಲೈನಿಂಗ್ ಪಟ್ಟಿ ಕೂರಿಸಿ ತಾಮ್ರದ ರಿವೆಟ್ ಹೊಡೆದಿರಿ. ನಾನು ಪಕ್ಕದಲ್ಲೇ ಪೆಟ್ಟಿಗೆಯ ಮೇಲೆ ಕೂತು ನೋಡುತ್ತಿದ್ದೆ. ನೋಡುತ್ತಾ ನೋಡುತ್ತಾ ನನ್ನ ತಲೆಯಲ್ಲಿ ಒಂದು ಹುಳು — ಇಷ್ಟೇನಾ? ಎರಡು ಸ್ಪ್ರಿಂಗು, ಒಂದು ಕೀಲು, ನಾಲ್ಕು ನಟ್ಟು. ಇದಕ್ಕೆ ಗ್ಯಾರೇಜು ಬೇಕೇ? ಬೆಂಗಳೂರಿನಿಂದ ತಂದ ಕಾರಿನ ಪುಸ್ತಕ ನನ್ನ ಹತ್ತಿರವಿತ್ತು, ಚಿತ್ರಸಮೇತ ಓದಿದ್ದೆ. ನಮ್ಮ ನೇಗಿಲು ನಾವೇ ಕಟ್ಟಿಕೊಳ್ಳುತ್ತೇವೆ, ನಮ್ಮ ಗಾಡಿಯ ಕೀಲಿಗೆ ನಾವೇ ಎಣ್ಣೆ ಹಾಕುತ್ತೇವೆ. ಈ ಕಾರಿಗೆ ಮಾತ್ರ ಇನ್ನೊಬ್ಬರ ಮುಂದೆ ಕೈಕಟ್ಟಿ ಕೂರಬೇಕೇ? ದುಡ್ಡಿನ ಮಾತಲ್ಲ. ನೀವು ಕೇಳುತ್ತಿದ್ದದ್ದೇ ಅಷ್ಟಿಷ್ಟು. ಇದು ಬರೀ ಜಂಭ.

ಕೊನೆಯ ಶೂ ಮುಗಿಯುವ ಹೊತ್ತಿಗೆ ಜುಮ್ಮಾ ನಮಾಜಿನ ಸಮಯವಾಯಿತು. ನೀವು ಕೈ ತೊಳೆದು, ಟೋಪಿ ತೆಗೆದುಕೊಂಡು ಹೇಳಿದಿರಿ: "ಮೇಷ್ಟ್ರೇ, ನಾನು ಬರೋ ತನಕ ಮುಟ್ಬೇಡಿ. ಬಂದು ಜೋಡಿಸಿ, ಇಳಿಜಾರಿಗೆ ಹೋಗಿ ಬರ್ತೀನಿ. ಹೊಸ ಲೈನಿಂಗ್ ಅಲ್ವಾ, ನಾಲ್ಕು ದಿನ ಕಿರ್ ಅಂತ ಕೂಗುತ್ತೆ. ಕೂಗ್ಲಿ ಬಿಡಿ. ತಾನೇ ಸುಮ್ನಾಗುತ್ತೆ."

ನೀವು ಬೀದಿಯ ತಿರುವು ದಾಟಿದ್ದೇ ತಡ, ನಟ್ಟು ಬಿಗಿಸುವ ನಿಮ್ಮದೇ ಪಾನ ಹಿಡಿದು ಶುರುಮಾಡಿದೆ. ಸ್ಪ್ರಿಂಗು ಎಳೆದು ಸಿಕ್ಕಿಸುವಾಗ ಬೆರಳು ಕೊಯ್ದು ರಕ್ತ ಬಂತು. ಅದೂ ಒಂದು ಹೆಮ್ಮೆ. ನಾಲ್ಕೂ ಚಕ್ರ ಮುಗಿಸಿ, ನಿಮ್ಮ ಕೂಲಿಯನ್ನು ಸಾಮಾನಿನ ಪೆಟ್ಟಿಗೆಯ ಮೇಲೆ ಇಟ್ಟು, ನೀವು ಬರುವ ಮುಂಚೆಯೇ ಕಾರು ತೆಗೆದುಕೊಂಡು ಹೊರಟುಬಿಟ್ಟೆ. ಇಳಿಜಾರಿನ ಕಡೆ ತಿರುಗಿಯೂ ನೋಡಲಿಲ್ಲ. ರಸ್ತೆಯಲ್ಲಿ ಬ್ರೇಕು ಚೆನ್ನಾಗಿಯೇ ಹಿಡಿಯಿತು — ಈ ಮಾತನ್ನು ಒತ್ತಿ ಹೇಳುತ್ತೇನೆ. ಆ ದಿನ ಅಲ್ಲಿಗೆ ಬಿಟ್ಟಿದ್ದರೆ ಅಮ್ಮ ಇನ್ನೂ ಇರುತ್ತಿದ್ದಳು. ನನ್ನ ಜಂಭ ಕಂಡು ನಾಲ್ಕು ಜನ ನಗುತ್ತಿದ್ದರು, ಅಷ್ಟೆ.

ಆದರೆ ಬ್ರೇಕು ಕೂಗಿತು. ನೀವು ಹೇಳಿದ ಹಾಗೆಯೇ ಕೂಗಿತು. ಊರೊಳಗೆ ಬರುವಾಗ ಜನ ಜಗಲಿಯಿಂದ ಎದ್ದು ನೋಡುವಷ್ಟು. ಅಪ್ಪ ಬಾಗಿಲಲ್ಲೇ ನಿಂತಿದ್ದರು, ಮುಖ ಸಿಂಡರಿಸಿಕೊಂಡು. ಗಾಡಿ ಕಟ್ಟುವ ಮನೆತನದವರಿಗೆ ಇದು ಅರ್ಥವಾಗುತ್ತದೆ, ಸಾಹೇಬರೇ, ಬೇರೆಯವರಿಗೆ ಹೇಗೆ ಹೇಳಲಿ — ನಮ್ಮಲ್ಲಿ ಕಿರುಗುಟ್ಟುವ ಗಾಡಿ ಎಂದರೆ ಸೋಮಾರಿಯ ಮನೆ ಗಾಡಿ. ಹೆಣ್ಣು ಕೇಳಲು ಹೋದಾಗ ಗಾಡಿಯ ಸದ್ದು ಕೇಳಿಯೇ ಬೇಡ ಎಂದವರಿದ್ದಾರೆ. ಚಕ್ರ ಅತ್ತರೆ ಅದಕ್ಕೆ ಎಣ್ಣೆ ಬೇಕು. ಹಾಲು ಕುಡಿಯುವ ಮಗುವಿನಿಂದ ಹಿಡಿದು ನಮಗೆಲ್ಲ ಗೊತ್ತಿರುವುದು ಅದೊಂದೇ.

"ಕೀಲು ಒಣಗೈತೆ, ಎಣ್ಣೆ ಕೇಳ್ತಾ ಐತೆ ಕಣೋ" ಎಂದರು ಅಪ್ಪ. "ನಮ್ಮನೆ ಗಾಡಿ ಹಿಂಗೆ ಅತ್ಕೊಂಡು ಊರು ದಾಟಿದ್ದಿಲ್ಲ. ನಾಡಿದ್ದು ನಿಮ್ಮಮ್ಮನ್ನ ಕೂರಿಸ್ಕೊಂಡು ಹಿಂಗೇ ಹೋಗ್ತೀಯಾ?"

ನಾಲ್ಕು ದಿನದಲ್ಲಿ ತಾನೇ ಸುಮ್ಮನಾಗುತ್ತದೆ ಎಂದು ನೀವು ಹೇಳಿದ್ದನ್ನು ನಾನು ಹೇಳಬಹುದಿತ್ತು. ಹೇಳಿದ್ದರೆ ಅಪ್ಪ, "ಸಾಬರು ಹೇಳಿದ್ದು ಸರಿ, ನೀನು ಓದಿದ್ದು ದಂಡ" ಎನ್ನುತ್ತಿದ್ದರೇನೋ. ಆ ಭಯವೋ, ಅಥವಾ — ಇಲ್ಲ, ನೆಪ ಬೇಡ. ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಬಂದು ಕೊಟ್ಟಿಗೆಯಲ್ಲಿ ಚಕ್ರ ಬಿಚ್ಚಿದೆ. ಘರ್ಷಣೆ ಎಂಬ ಪಾಠವನ್ನು ಮಕ್ಕಳಿಗೆ ಮಾಡುವವನು ನಾನು. ಬ್ರೇಕು ನಿಲ್ಲಿಸುವುದೇ ಘರ್ಷಣೆಯಿಂದ, ಪಟ್ಟಿಗೆ ಎಣ್ಣೆ ತಾಗಬಾರದು ಎಂಬಷ್ಟು ನನಗೆ ಗೊತ್ತಿತ್ತು. ಅದಕ್ಕೇ ಪಟ್ಟಿಗೆ ಹಾಕಲಿಲ್ಲ. ಶೂ ಆಡುವ ಕೀಲಿಗೆ ಮಾತ್ರ ಹಾಕಿದೆ. ಎಷ್ಟು ಜಾಣತನ ನೋಡಿ. ಡ್ರಮ್ಮು ಕಾದರೆ ಎಣ್ಣೆ ನೀರಾಗುತ್ತದೆ, ತಿರುಗುವ ಚಕ್ರದೊಳಗೆ ಹರಡುತ್ತದೆ ಎಂಬುದು ಮುಂದಿನ ಪಾಠದಲ್ಲಿತ್ತು. ಶಾಖದ ಪಾಠ. ಅದನ್ನೂ ನಾನೇ ಮಾಡುತ್ತಿದ್ದೆ.

ಎಣ್ಣೆ ತಂದುಕೊಟ್ಟವಳು ಅಮ್ಮ. ತಲೆಗೆ ಹಚ್ಚಲು ತಾನೇ ಕಾಯಿಸಿ ಇಟ್ಟುಕೊಂಡಿದ್ದ ಹರಳೆಣ್ಣೆಯನ್ನು ಬಟ್ಟಲಲ್ಲಿ ಬಗ್ಗಿಸಿಕೊಂಡು, ಚೆಲ್ಲದ ಹಾಗೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟಿಗೆಗೆ ಬಂದಳು. "ಸಾಕೇನಪ್ಪಾ, ಇನ್ನೂ ತರ್ಲಾ?" ಎಂದು ಕೇಳಿದಳು. ಅಪ್ಪ, "ಜಿಪುಣತನ ಮಾಡ್ಬೇಡ, ಕೀಲು ಕುಡಿಯಷ್ಟು ಬಿಡು" ಎಂದರು. ಬಟ್ಟಲು ಖಾಲಿಯಾಗುವವರೆಗೂ ಬಿಟ್ಟೆ.

ಬ್ರೇಕು ಸುಮ್ಮನಾಯಿತು. ಊರ ಮುಂದೆ ಒಂದು ಸುತ್ತು ಹಾಕಿ ಬಂದೆ. ಬೆಣ್ಣೆಯಂತೆ ಹೋಗಿ ಬೆಣ್ಣೆಯಂತೆ ನಿಂತಿತು. ಅಪ್ಪ ಬೆನ್ನು ತಟ್ಟಿದರು. ಓದಿಸಿದ್ದು ಸಾರ್ಥಕವಾಯಿತು ಎಂದರು.

ಭಾನುವಾರ ಅಪ್ಪ ಬರಲಿಲ್ಲ, ತೋಟಕ್ಕೆ ನೀರು ಕಟ್ಟುವುದಿತ್ತು. ನಾನು, ಅಮ್ಮ, ಇಬ್ಬರೇ. ಹತ್ತುವಾಗ ಬ್ರೇಕಿನ ಕೆಲಸವೇನಿದೆ? ಸಲೀಸಾಗಿ ಹತ್ತಿದೆವು. ಮೇಲೆ ಕೋಟೆಯ ಗೋಡೆಯ ಬಳಿ ನಿಂತು ಅಮ್ಮ ಬಹಳ ಹೊತ್ತು ಹುಡುಕಿದಳು. ಆಮೇಲೆ ಮಗುವಿನ ಹಾಗೆ ಕೂಗಿದಳು — "ಅಗೋ, ನಮ್ಮ ಹುಲ್ಲಿನ ಬಣವೆ! ಅಗೋ ನೋಡೋ, ನಿಮ್ಮಪ್ಪ ತೋಟದಾಗೆ ಐದಾರೆ!" ಅಷ್ಟು ದೂರದಿಂದ ಅಪ್ಪ ಕಾಣುವುದು ಸಾಧ್ಯವೇ ಇರಲಿಲ್ಲ. ನಾನು, "ಹೌದಮ್ಮ, ಕಾಣ್ತಿದ್ದಾರೆ" ಎಂದೆ. ನನ್ನ ಜೀವನದಲ್ಲಿ ಹೇಳಿದ ಸುಳ್ಳುಗಳಲ್ಲಿ ಒಂದಕ್ಕೆ ಮಾತ್ರ ನನಗೆ ನಾಚಿಕೆಯಿಲ್ಲ, ಅದು ಇದು.

ಇಳಿಯುವಾಗ ಮೊದಲ ನಾಲ್ಕೈದು ತಿರುವು ಏನೂ ಆಗಲಿಲ್ಲ. ಆಮೇಲೆ ಪೆಡಲು ಒತ್ತಿದಷ್ಟೂ ಕಾರು ನಿಧಾನವಾಗುವುದು ಕಡಿಮೆಯಾಗುತ್ತಾ ಬಂತು. ಆಗ ಅಮ್ಮ ಮೂಗು ಅರಳಿಸಿ ಹೇಳಿದಳು, "ಯಾರೋ ಕಾಡಿಗೆ ಕಟ್ತಿರೋ ಹಂಗೆ ವಾಸ್ನೆ ಬರ್ತಾ ಐತೆ ಕಣೋ." ಹರಳೆಣ್ಣೆ ಸುಡುವ ವಾಸನೆ. ನಾನು ಹುಟ್ಟಿದಾಗ ನನ್ನ ಕಣ್ಣಿಗೆ ಹಚ್ಚಲು ಅವಳು ಹರಳೆಣ್ಣೆಯ ದೀಪವಿಟ್ಟು ಕಾಡಿಗೆ ಹಿಡಿದಿದ್ದವಳು, ಆ ವಾಸನೆ ಅವಳಿಗೆ ಗೊತ್ತಾಗದೇ? ಅವಳು ಆಡಿದ ಕೊನೆಯ ಮಾತು ಅದು. ಅವಳು ಗುರುತು ಹಿಡಿದದ್ದನ್ನು ನಾನೂ ಅದೇ ಕ್ಷಣ ಗುರುತು ಹಿಡಿದೆ.

ಪೆಡಲನ್ನು ತಳಕ್ಕೆ ತುಳಿದೆ. ಕೈಬ್ರೇಕು ಎಳೆದೆ. ಗೇರು ಇಳಿಸಲು ಹೋಗಿ ಅದೂ ಸಿಗಲಿಲ್ಲ. ಬಲಗಡೆ ಕಣಿವೆ, ಎಡಗಡೆ ಬಂಡೆ. ಎಡಕ್ಕೆ ತಿರುಗಿಸಿದೆ. ಅಮ್ಮ ಕೂತಿದ್ದದ್ದು ಎಡಗಡೆ — ಅದನ್ನು ಯೋಚಿಸಿದೆನೋ ಇಲ್ಲವೋ, ಈಗಲೂ ಗೊತ್ತಿಲ್ಲ. ನನಗೆ ಹಣೆಯ ಮೇಲೆ ನಾಲ್ಕು ಹೊಲಿಗೆ. ಅವಳು ಚಿಕ್ಕಬಳ್ಳಾಪುರದ ಆಸ್ಪತ್ರೆ ತಲುಪಲಿಲ್ಲ.

ಪೊಲೀಸರು ಬಂದು ಬರೆದುಕೊಂಡು ಹೋದರು. ಆಕಸ್ಮಿಕ ಎಂದರು, ಯಾರ ಮೇಲೂ ಮೊಕದ್ದಮೆಯಾಗಲಿಲ್ಲ. ಆದರೆ ಊರಿಗೆ ಅಷ್ಟು ಸಾಲದು, ಊರಿಗೆ ಒಬ್ಬ ಬೇಕು. ಮಣ್ಣು ಮಾಡಿ ಬಂದ ಸಂಜೆ ಜಗಲಿಯ ಮೇಲೆ ಯಾರೋ ಕೇಳಿದರು, "ಬ್ರೇಕು ರಿಪೇರಿ ಮಾಡಿದ್ದು ಯಾರು?" ಅಪ್ಪ ನನ್ನ ಕಡೆ ನೋಡಲಿಲ್ಲ. ನಾನು, "ಬಾಷಾ ಸಾಬರು" ಎಂದೆ. ಅಷ್ಟೇ. ಪೂರ್ತಿ ಸುಳ್ಳೂ ಅಲ್ಲ — ಪಟ್ಟಿ ಕೂರಿಸಿದ್ದು ನೀವೇ ತಾನೇ? ಆ ಎರಡು ಮಾತಿನ ಹಿಂದೆ ನಾನು ಅಡಗಿಕೊಂಡೆ. ಅದರ ಹಿಂದೆ ಅಪ್ಪನಿಗೂ ಜಾಗವಿತ್ತು.

ಮರುದಿನ ಎತ್ತು ಕಟ್ಟಿ ಕಾರನ್ನು ಎಳೆಸಿ ತಂದು ಕೊಟ್ಟಿಗೆಗೆ ಹಾಕಿದರು. ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ನಾನು ಚಕ್ರ ಬಿಚ್ಚಿ, ಎಂಟು ಶೂಗಳನ್ನೂ ಸೀಮೆಣ್ಣೆಯಲ್ಲಿ ಅದ್ದಿ ಅದ್ದಿ ತೊಳೆದೆ. ಯಾರಾದರೂ ಬಿಚ್ಚಿ ನೋಡಿದರೆ ಎಣ್ಣೆಯ ಸುಳಿವು ಸಿಗಬಾರದು. ತೊಳೆಯುತ್ತಿದ್ದಾಗ ಬೆಳಕಿಗೆ ಏನೋ ಅಡ್ಡ ಬಂದಂತಾಗಿ ತಲೆ ಎತ್ತಿದೆ. ಅಪ್ಪ ನಿಂತಿದ್ದರು. ಸೀಮೆಣ್ಣೆಯ ಡಬ್ಬ ನೋಡಿದರು, ನನ್ನ ಕೈ ನೋಡಿದರು. ಕೊಟ್ಟಿಗೆಯ ಬಾಗಿಲನ್ನು ಹೊರಗಿನಿಂದ ಮುಂದಕ್ಕೆಳೆದುಕೊಂಡು ಹೋದರು. ಅಪ್ಪನೂ ನಾನೂ ಆ ವಿಷಯವನ್ನು ಅವರು ಸಾಯುವವರೆಗೆ ಒಂದು ಸಲವೂ ಆಡಲಿಲ್ಲ.

ಮೂರನೆಯ ದಿನ, ಹಾಲುತುಪ್ಪದಂದು ನೀವು ಬಂದಿರಿ. ಸಮಾಧಿಗೆ ಹಾಲುತುಪ್ಪ ಬಿಟ್ಟು ನಾವು ಮನೆಗೆ ಬಂದಿದ್ದೆವು, ಅಂಗಳದ ತುಂಬ ನೆಂಟರು. ನೀವು ಸೈಕಲ್ಲನ್ನು ದೂರದಲ್ಲೇ ನಿಲ್ಲಿಸಿ, ಚಪ್ಪಲಿ ಬಿಟ್ಟು, ನಡೆದು ಬಂದಿರಿ. ಜನ ನಿಮ್ಮನ್ನು ಅಂಗಳದಾಚೆಯ ಊರ ಕಟ್ಟೆಯ ಹತ್ತಿರವೇ ತಡೆದರು. ಏನೇನು ಅಂದರು ಎಂದು ನಾನು ಬರೆಯಲಾರೆ. ನಿಮ್ಮ ಜಾತಿಯನ್ನೂ ಎಳೆದರು, ನಿಮ್ಮ ನಮಾಜನ್ನೂ ಎಳೆದರು. ನೀವು ಅವರನ್ನು ದಾಟಿ ಬಂದು ಅಪ್ಪನ ಮುಂದೆ ನಿಂತು, "ಗೌಡ್ರೇ, ಒಂದ್ಸಲ ಚಕ್ರ ಬಿಚ್ಚಿ ನೋಡಕ್ಕೆ ಬಿಡಿ. ತಪ್ಪು ನಂದಾದ್ರೆ ಇಲ್ಲೇ ಚಪ್ಪಲೀಲಿ ಹೊಡೀರಿ" ಎಂದಿರಿ.

"ನಮ್ಮ ಹಟ್ಟಿಗೆ ಕಾಲಿಡಬೇಡ" ಎಂದರು ಅಪ್ಪ.

ಆಗ ನೀವು ನನ್ನ ಕಡೆ ತಿರುಗಿದಿರಿ. ಕೋಪವಿರಲಿಲ್ಲ; ತನ್ನ ಕಡೆಯ ಸಾಕ್ಷಿಯನ್ನು ಕರೆಯುವವರ ಮುಖ. "ಜೋಡಿಸಿದ್ದು ನಾನಲ್ಲ. ನಾನು ನಮಾಜಿಂದ ಬರೋ ಹೊತ್ಗೆ ಗಾಡಿನೇ ಇರ್ಲಿಲ್ಲ. ಮೇಷ್ಟ್ರೇ, ನೀವೇ ಹೇಳಿ."

ಅಂಗಳದವರೆಲ್ಲ ನನ್ನ ಕಡೆ ತಿರುಗಿದರು. ನನಗೆ ಸಮಯವಿತ್ತು. ಎಲ್ಲವನ್ನೂ ಯೋಚಿಸುವಷ್ಟು ಸಮಯವಿತ್ತು — ಅಪ್ಪ, ಬಟ್ಟಲು, ಮರುದಿನದಿಂದ ಅಪ್ಪ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಬೇಕು, ನಾನು ತರಗತಿಯಲ್ಲಿ ನಿಲ್ಲಬೇಕು. ಗಾಬರಿಯಲ್ಲಿ ಬಾಯಿಗೆ ಬಂದ ಮಾತಲ್ಲ ಅದು. ತೂಗಿ ಹೇಳಿದ ಮಾತು.

"ಜೋಡಿಸಿದ್ದು ನೀವೇ" ಎಂದೆ.

ನೀವು ತಿರುಗಿ ಹೋಗಿ ಚಪ್ಪಲಿ ಹಾಕಿಕೊಂಡಿರಿ. ಯಾರೋ ಒಬ್ಬ ಸೈಕಲ್ಲನ್ನು ಒದ್ದು ಬೀಳಿಸಿದ್ದ. ಎತ್ತಿಕೊಂಡು, ಹತ್ತದೆ, ತಳ್ಳಿಕೊಂಡೇ ಹೋದಿರಿ. ಆ ವಾರವೇ ಅಪ್ಪ ಕಾರನ್ನು ಗುಜರಿಯವನಿಗೆ ಕೊಟ್ಟುಬಿಟ್ಟರು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ. ನಿಮ್ಮ ಹೆಸರು ಒಡೆಯಲು ನಿಮಿಷವೂ ಬೇಕಾಗಲಿಲ್ಲ. ಮೊದಲು ಬಸ್ಸಿನವರು ಬಿಟ್ಟರು, ಆಮೇಲೆ ಲಾರಿಯವರು. ನಾನು ಶಾಲೆಗೆ ಹೋಗುವ ದಾರಿಯಲ್ಲಿ ನಿಮ್ಮ ಗ್ಯಾರೇಜು ಇರಲಿಲ್ಲ. ಆ ಕಡೆ ಕೆಲಸವಿದ್ದಾಗಲೂ ಅದು ಕಣ್ಣಿಗೆ ಬೀಳದ ಹಾಗೆ ಸುತ್ತಿಕೊಂಡು ಹೋಗುತ್ತಿದ್ದೆ. ಒಂದು ವರ್ಷದೊಳಗೆ ಅದರ ತಗಡು ಕಿತ್ತಿದ್ದರಂತೆ. ನೀವು ಮೊದಲು ಚಿಂತಾಮಣಿಗೆ ಹೋದಿರಿ ಎಂದು ಕೇಳಿದೆ. ಅಲ್ಲಿಗೂ ಮಾತು ನಿಮಗಿಂತ ಮುಂಚೆ ತಲುಪಿತ್ತಂತೆ. ಆಮೇಲೆ ಏನೂ ಕೇಳಲಿಲ್ಲ. ವಿಚಾರಿಸಲಿಲ್ಲ ಎನ್ನುವುದೇ ಸರಿ.

ಈಗ ಹೋದ ಬೇಸಿಗೆಯ ಮಾತು. ಪರೀಕ್ಷೆಯ ಕೆಲಸದ ಮೇಲೆ ನನ್ನನ್ನು ಶಿಡ್ಲಘಟ್ಟಕ್ಕೆ ಹಾಕಿದ್ದರು. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು — ಇದನ್ನು ಯಾಕೆ ಹೇಳುತ್ತೇನೆಂದರೆ, ಅಪ್ಪನ ಮಾನಕ್ಕಾಗಿ ಸುಮ್ಮನಿದ್ದೆ ಎಂಬ ಮಾತಿಗೆ ಇನ್ನು ಜಾಗವಿರಲಿಲ್ಲ. ಮಧ್ಯಾಹ್ನ ರೇಷ್ಮೆಗೂಡು ಬೇಯಿಸುವ ಬೀದಿಯಲ್ಲಿ ಬರುತ್ತಿದ್ದೆ. ಒಂದು ಕೊಟ್ಟಡಿಯ ಮುಂದೆ ನೂಲು ಬಿಚ್ಚುವ ಚರಕವನ್ನು ಮಗುಚಿ ಹಾಕಿಕೊಂಡು ಮುದುಕರೊಬ್ಬರು ರಿಪೇರಿ ಮಾಡುತ್ತಿದ್ದರು. ದಾಟಿ ಹೋಗುತ್ತಿದ್ದೆ. ನೀವೇ ಕರೆದಿರಿ — "ಮೇಷ್ಟ್ರಲ್ವಾ?"

ಓಡಿಹೋಗಬೇಕೆನಿಸಿತು. ನೀವು ಸ್ಟೂಲು ಒರೆಸಿ ಕೊಟ್ಟಿರಿ, ಎದುರು ಅಂಗಡಿಗೆ ಚಹಾ ಹೇಳಿದಿರಿ. ಅಷ್ಟರಲ್ಲಿ ಒಬ್ಬರು ಮೋಟಾರ್ ಸೈಕಲ್ ತಳ್ಳಿಕೊಂಡು ಬಂದು ಬ್ರೇಕು ನೋಡಿ ಎಂದರೆ, "ಬೇರೇದು ಏನಿದ್ರೂ ಮಾಡಿಕೊಡ್ತೀನಿ, ಬ್ರೇಕು ಮಾತ್ರ ಮುಟ್ಟಲ್ಲ" ಎಂದು ಕಳಿಸಿದಿರಿ. ಹೇಳಿಬಿಡಬೇಕು, ಈಗಲೇ ಹೇಳಿಬಿಡಬೇಕು ಎಂದು ಬಾಯಿ ತೆರೆದೆ. ನೀವು ನನಗಿಂತ ಮೊದಲು ಮಾತಾಡಿದಿರಿ.

"ಜೋಡಿಸಿದ್ದು ನೀವೇ ಅಂತ ನಂಗೂ ಗೊತ್ತು, ನಿಮ್ಗೂ ಗೊತ್ತು. ಅದು ಹೋಗ್ಲಿ. ತಾಯೀನ ಕಳ್ಕೊಂಡಿದ್ರಿ, ಏನೋ ಅಂದ್ರಿ. ಅದನ್ನ ನಾನು ಅವತ್ತೇ ಬಿಟ್ಟೆ. ಆದ್ರೆ ಮೇಷ್ಟ್ರೇ..." ಅಲ್ಲಿ ನಿಮ್ಮ ದನಿ ಇಳಿಯಿತು. "ಅವತ್ತು ನಮಾಜಿಗೆ ಹೊತ್ತಾಯ್ತು ಅಂತ ಕೊನೇ ಶೂಗೆ ಎರಡು ರಿವೆಟ್ ಅವಸರದಲ್ಲಿ ಹೊಡ್ದೆ. ಅದೇ ಕಿತ್ಕೊಂಡು ಪಟ್ಟಿ ಬಂದ್ಬಿಟ್ಟಿರ್ಬೇಕು. ಇಲ್ದಿದ್ರೆ ಹೊಸ ಬ್ರೇಕು ಹಂಗೆ ಕೈ ಕೊಡಲ್ಲ. ಹದಿನಾಲ್ಕು ವರ್ಷ ಆಯ್ತು, ಒಂದು ಶುಕ್ರವಾರನೂ ನಂಗೆ ನೆಮ್ಮದಿಯಿಂದ ನಮಾಜಿಗೆ ಕೂರಕ್ಕೆ ಆಗಿಲ್ಲ. ದೇವರ ಹತ್ರ ಹೋಗೋ ಅವಸರದಲ್ಲಿ ಒಂದು ಜೀವ ತೆಗೆದ್ನಲ್ಲ. ಅಮ್ಮಾವ್ರ ಹತ್ರ ಕೇಳಕ್ಕಾಗಲ್ಲ. ನೀವು ಮಾಫ್ ಮಾಡಿ."

ಕೈ ಮುಗಿದಿರಿ, ಸಾಹೇಬರೇ. ನನಗೆ. ರಿಪೇರಿಯಿಲ್ಲದ ದಿನ ಗೂಡು ಬೇಯಿಸುವ ಬಿಸಿನೀರಿನಲ್ಲಿ ಬೆಂದು ಬಿಳಿಚಿಕೊಂಡ ಬೆರಳುಗಳು.

ನಾನು ಏನು ಹೇಳಿದೆ ಎಂದು ನಿಮಗೆ ನೆನಪಿರಬಹುದು. "ಆಗಿದ್ದಾಯ್ತು ಬಿಡಿ ಸಾಹೇಬ್ರೇ. ನಾನೇನೂ ಮನಸ್ಸಿನಲ್ಲಿ ಇಟ್ಕೊಂಡಿಲ್ಲ" ಎಂದೆ. ನಿಮ್ಮ ಕಣ್ಣಲ್ಲಿ ನೀರು ಬಂತು, ನನ್ನ ಕೈ ಹಿಡಿದುಕೊಂಡು ಕಣ್ಣಿಗೆ ಒತ್ತಿಕೊಂಡಿರಿ. ಚಹಾ ಬಂತು. ಕುಡಿದೆ. ಲೋಟ ಕೆಳಗಿಟ್ಟು, ಪರೀಕ್ಷೆಗೆ ಹೊತ್ತಾಯಿತು ಎಂದು ಎದ್ದು ಬಂದೆ.

ಇದೇ ನಾನು ಹೇಳಿದ ಆ ಇನ್ನೊಂದು. ಮೊದಲ ಸುಳ್ಳಿನಿಂದ ನಿಮ್ಮ ಅನ್ನ ಕಸಿದೆ. ನೀವು ಅದನ್ನು ಹೇಗೋ ನುಂಗಿಕೊಂಡಿರಿ. ಆದರೆ ಈ ಎರಡನೆಯದು — ನನ್ನ ತಾಯಿಯ ಸಾವನ್ನು ನಿಮ್ಮ ತಲೆಯ ಮೇಲೆ ಹೊರಿಸಿದ್ದು ಸಾಲದೆಂದು, ಅದಕ್ಕೆ ನಿಮ್ಮನ್ನು ಕ್ಷಮಿಸಿಯೂಬಿಟ್ಟೆ. ದೊಡ್ಡವನಾಗಿಬಿಟ್ಟೆ. ಬಸ್ಸಿನಲ್ಲಿ ಕೂತು ಊರಿಗೆ ಬರುವಾಗ, ಹೇಳಿದರೆ ನಂಬುತ್ತೀರೋ ಇಲ್ಲವೋ, ಒಂದು ಗಳಿಗೆ ನನಗೆ ಹಗುರವೆನಿಸಿತು. ಆ ಹಗುರ ನೆನಪಾದರೆ ಈಗಲೂ ಮೈಮೇಲೆ ಹುಳು ಹರಿದಂತಾಗುತ್ತದೆ.

ಈಗ ಹೊರದೇಶದ ಕಾರುಗಳಿಗೆ ಡ್ರಮ್ಮಿನ ಬದಲು ತಟ್ಟೆಯಂಥ ಬ್ರೇಕು ಬಂದಿದೆಯಂತೆ, ಪತ್ರಿಕೆಯಲ್ಲಿ ಓದಿದೆ. ಎಲ್ಲ ಬಯಲಿಗೇ ಕಾಣುತ್ತದಂತೆ. ಓದಿ ಮಡಚಿಟ್ಟೆ. ಅಮ್ಮ ಹೋದ ಮೇಲೆ ನಾನು ಯಾವ ಕಾರನ್ನೂ ನಡೆಸಿಲ್ಲ. ಅದು ಪ್ರಾಯಶ್ಚಿತ್ತವೆಂದು ಎಷ್ಟೋ ವರ್ಷ ನನ್ನನ್ನು ನಾನೇ ನಂಬಿಸಿಕೊಂಡಿದ್ದೆ. ನಾನು ಕಾರು ನಡೆಸದಿದ್ದರೆ ನಿಮಗೇನು ಬಂತು?

ಇದನ್ನು ಅಂಚೆಗೆ ಹಾಕುವುದಿಲ್ಲ. ನಿಮಗೆ ಕನ್ನಡ ಓದಲು ಬರುವುದಿಲ್ಲ. ಬೇರೆ ಯಾರ ಬಾಯಿಂದಲೋ ಓದಿಸಿ ಕೇಳಬೇಕಾಗುತ್ತದೆ, ನಾನು ಮನೆಯಲ್ಲಿ ಸುರಕ್ಷಿತವಾಗಿ ಕೂತಿರುತ್ತೇನೆ. ಹಾಗಾಗಬಾರದು. ಬರುವ ಗುರುವಾರ, ನಿಮ್ಮ ಬೀದಿಯವರೆಲ್ಲ ಕೆಲಸದಲ್ಲಿರುವ ಹೊತ್ತಿಗೆ ಬಂದು, ಅವರಿಗೂ ಕೇಳುವ ಹಾಗೆ ನಿಮ್ಮ ಕೊಟ್ಟಡಿಯ ಮುಂದೆ ನಿಂತು ಗಟ್ಟಿಯಾಗಿ ಓದುತ್ತೇನೆ. ಶುಕ್ರವಾರಕ್ಕೆ ಮುಂಚೆಯೇ ನೀವು ಕೇಳಬೇಕು. ಭಾನುವಾರ ನಮ್ಮೂರಿನ ಕಟ್ಟೆಯ ಮೇಲೆ, ನಿಮ್ಮನ್ನು ತಡೆದ ಜಾಗದಲ್ಲೇ, ಇನ್ನೊಂದು ಸಲ ಓದುತ್ತೇನೆ. ಅಲ್ಲಿಗೆ ನೀವು ಬರಬೇಕಾಗಿಲ್ಲ. ಸುಳ್ಳು ಹೇಳಿದಾಗ ಜನ ಸೇರಿದ್ದರು; ನಿಜ ಹೇಳುವಾಗಲೂ ಸೇರಲಿ. ಅಪ್ಪನ ಹೆಸರೂ ಬರುತ್ತದೆ, ಬರಲಿ. ನಾನು ನಿಮಗೆ ಕೊಟ್ಟ ಕ್ಷಮೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಅದು ಕೊಡಲು ನನ್ನ ಬಳಿ ಇರಲೇ ಇಲ್ಲ. ನಿಮ್ಮಿಂದ ಕ್ಷಮೆ ಕೇಳುವುದೂ ಇಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ.

ಅರ್ಧ ಕೇಳಿ ನೀವು ಒಳಗೆ ಎದ್ದು ಹೋಗಬಹುದು. ಹೋದರೂ ನಿಮ್ಮದು ತಪ್ಪಲ್ಲ. ಅದಕ್ಕೇ, ಬರೆದದ್ದು ಕೊನೆಯಲ್ಲಾದರೂ, ಬಂದು ನಿಂತ ಕೂಡಲೇ ಮೊದಲು ಓದುವುದು ಇದನ್ನು: ಸಾಹೇಬರೇ, ಸೀಮೆಣ್ಣೆಯಲ್ಲಿ ತೊಳೆಯುವಾಗ ಎಂಟು ಶೂಗಳನ್ನೂ ನಾನು ಕೈಯಲ್ಲಿ ಹಿಡಿದು ಉಜ್ಜಿದ್ದೇನೆ. ಒಂದೊಂದು ರಿವೆಟ್ಟನ್ನೂ ಉಗುರಿನಿಂದ ಮೀಟಿ ನೋಡಿದ್ದೇನೆ — ಒಂದಾದರೂ ಸಡಿಲವಿದ್ದರೆ ಆ ತಪ್ಪು ನಿಮ್ಮದಾಗಲೆಂದು, ಆಸೆಯಿಂದ ನೋಡಿದ್ದೇನೆ. ಅವಸರದಲ್ಲಿ ಹೊಡೆದೆ ಎಂದಿರಲ್ಲ, ಆ ಎರಡೂ ಬಿಗಿಯಾಗಿಯೇ ಇದ್ದವು. ಬಂಡೆಗೆ ಬಡಿದ ಮೇಲೂ ಒಂದು ಪಟ್ಟಿಯೂ ಅಲುಗಿರಲಿಲ್ಲ.